ಎಂಟೂವರೆಗೆ ಶುರುವಾದರೆ ಮಕ್ಕಳು ಬರುವುದು ಹೇಗೆ?

ಬೇಗೂರು, ಹುಳಿಮಾವು, ಹೆಬ್ಬಗೋಡಿ, ಆನೇಕಲ್ ಕಡೆ ಓಡಾಡುವವರಿಗೆ ಆ ಫ್ಲೆಕ್ಸ್ ಚೆನ್ನಾಗಿ ಗೊತ್ತು. ಮೇಲೆ ಊರ ದೇವರ ಚಿತ್ರ. ನಡುವೆ ದಪ್ಪ ಅಕ್ಷರದಲ್ಲಿ ‘ಕುರುಕ್ಷೇತ್ರ’ ಅಥವಾ ‘ದಾನಶೂರ ಕರ್ಣ’. ಸುತ್ತ ಪಾಸ್‌ಪೋರ್ಟ್ ಅಳತೆಯ ಮುಖಗಳು, ಒಂದೊಂದು ಮುಖದ ಕೆಳಗೂ ಒಂದೊಂದು ಪಾತ್ರ. ಕೃಷ್ಣ ಒಬ್ಬನೇ ಇರುವುದಿಲ್ಲ. ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ ಇರುತ್ತಾರೆ. ದುರ್ಯೋಧನರೂ ಹಾಗೆಯೇ. ಕೆಳಗೆ ‘ಸರ್ವರಿಗೂ ಆದರದ ಸುಸ್ವಾಗತ’ ಎಂಬ ಸಾಲು. ಅದರ ಪಕ್ಕದಲ್ಲೇ ಸಮಯ: ರಾತ್ರಿ 8.30ಕ್ಕೆ.

ಸುಸ್ವಾಗತದ ಸಾಲನ್ನು ಸಮಯದ ಸಾಲು ಹೊಡೆದುಹಾಕುತ್ತಿದೆ ಅನ್ನುವುದೇ ನನ್ನ ತಕರಾರು. 8.30 ಅಂದ ಮಾತ್ರಕ್ಕೆ 8.30ಕ್ಕೆ ಪರದೆ ಏಳುವುದಿಲ್ಲ. ಗಣ್ಯರು ಬರಬೇಕು, ದೀಪ ಹಚ್ಚಬೇಕು, ಹಾರ ತುರಾಯಿ ಆಗಬೇಕು, ಕೊಡುಗೆ ಕೊಟ್ಟವರ ಹೆಸರನ್ನೆಲ್ಲ ಮೈಕಿನಲ್ಲಿ ಓದಬೇಕು. ಒಂದನೇ ಕೃಷ್ಣ ರಂಗಕ್ಕೆ ಬರುವ ಹೊತ್ತಿಗೆ ಎರಡನೇ ಕ್ಲಾಸಿನ ಮಗು ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗಿರುತ್ತದೆ. ಬೆಳಿಗ್ಗೆ 7ಕ್ಕೆ ಸ್ಕೂಲ್ ವ್ಯಾನ್ ಬರುತ್ತದೆ. ಅಮ್ಮ ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸಿಗೆ ಹೋಗಬೇಕು, ಅಪ್ಪನಿಗೆ ಶಿಫ್ಟು. ಹೀಗಿರುವಾಗ ಬೆಳಗಿನ ಜಾವದ ತನಕ ಕೂರುವವರು ಯಾರು? ಪಾತ್ರಧಾರಿಗಳ ನೆಂಟರು, ಊರಿನ ನಾಲ್ಕು ಹಿರಿಯರು, ಮತ್ತೆ ಮುಂದಿನ ವರ್ಷ ತಾವೂ ಪಾತ್ರ ಹಾಕಬೇಕೆಂದು ಕಾಯುತ್ತಿರುವವರು. ಆಮೇಲೆ ‘ಈಗಿನ ಮಕ್ಕಳಿಗೆ ನಾಟಕ ಬೇಡ, ಮೊಬೈಲ್ ಸಾಕು’ ಅನ್ನುವ ಮಾತು. ಬಾಗಿಲು ಹಾಕಿಕೊಂಡು, ನೆಂಟರು ಬರಲಿಲ್ಲ ಅಂತ ಬೈದುಕೊಂಡ ಹಾಗೆ.

ಸಂಗೀತ ನಾಟಕ ಅಂದರೆ ಸಿಟಿಯ ಹುಡುಗರಿಗೆ ಬ್ರಾಡ್‌ವೇ ನೆನಪಾಗುತ್ತದೆ. ಇಲ್ಲವೆಂದರೆ ಓಟಿಟಿಯಲ್ಲಿ ನೋಡಿದ ಯಾವುದೋ ಸಿನಿಮಾ. ನಮ್ಮ ಕಡೆಯ ಪೌರಾಣಿಕ ನಾಟಕವೂ ಅದೇ ಜಾತಿಯದು ಅಂತ ಯಾರಿಗೂ ಹೊಳೆಯುವುದಿಲ್ಲ. ಕಂದಪದ್ಯ, ಸೀಸಪದ್ಯ, ಮಟ್ಟಿನ ಹಾಡು, ಮಾತು, ಮತ್ತೆ ಹಾಡು. ರಂಗದ ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ. ಪಾತ್ರಧಾರಿ ರಾಗ ಎಳೆದ ಕಡೆಗೆಲ್ಲ ಹಾರ್ಮೋನಿಯಂ ಮೇಷ್ಟ್ರು ಅವನ ಹಿಂದೆಯೇ ಹೋಗಬೇಕು, ಅವನು ಶ್ರುತಿ ತಪ್ಪಿದರೆ ಕೈಹಿಡಿದು ದಾರಿಗೆ ತರಬೇಕು. ಮೊದಲೇ ಧ್ವನಿಮುದ್ರಿಸಿದ ಹಾಡಿಗೆ ತುಟಿ ಆಡಿಸುವ ಶಾಲಾ ವಾರ್ಷಿಕೋತ್ಸವಗಳ ಕಾಲದಲ್ಲಿ, ಒಬ್ಬ ಲಾರಿ ಡ್ರೈವರೋ ಹಾಲಿನ ಡೇರಿಯ ಕಾರ್ಯದರ್ಶಿಯೋ ಕಿರೀಟ ಇಟ್ಟುಕೊಂಡು ತನ್ನದೇ ಗಂಟಲಲ್ಲಿ ಪದ್ಯ ಹೇಳುವುದು ಸಣ್ಣ ವಿಷಯವಲ್ಲ. ಎಲೆಕ್ಟ್ರಾನಿಕ್ ಸಿಟಿಯ ಎಷ್ಟೋ ಕಂಪನಿಗಳ ವಿಳಾಸದಲ್ಲಿ ಇವತ್ತಿಗೂ ‘ಬೇಗೂರು ಹೋಬಳಿ’ ಅಂತಲೇ ಇದೆ. ಆ ಕಂಪನಿಗಳಲ್ಲಿ ಕೆಲಸ ಮಾಡುವವರಲ್ಲಿ ಎಷ್ಟು ಜನ ತಮ್ಮ ಹೋಬಳಿಯ ನಾಟಕವನ್ನು ಕಂಡಿದ್ದಾರೆ? ಹಿತ್ತಲ ಗಿಡ ಮದ್ದಲ್ಲ.

ನಾಟಕವೆಂದರೆ ಸಿಟಿಗೆ ಹೋಗಿ ನೋಡುವುದು ಎಂಬ ಅಭ್ಯಾಸವೂ ಒಂದಿದೆ. ಹೆಸರು ಮಾಡಿದ ರಂಗಮಂದಿರಗಳೆಲ್ಲ ಹೆಚ್ಚುಕಡಿಮೆ ಒಳಗಿನ ಬೆಂಗಳೂರಿನಲ್ಲೇ ಇವೆ. 1963ರಲ್ಲಿ ಶುರುವಾದ ರವೀಂದ್ರ ಕಲಾಕ್ಷೇತ್ರ ಜೆ.ಸಿ. ರಸ್ತೆಯಲ್ಲಿ, 2004ರಲ್ಲಿ ಬಾಗಿಲು ತೆರೆದ ರಂಗಶಂಕರ ಜೆ.ಪಿ. ನಗರದಲ್ಲಿ. ವೈಟ್‌ಫೀಲ್ಡ್ ಕಡೆ 2011ರಿಂದ ಜಾಗೃತಿ ಇದೆ, ಅಲ್ಲಿ ಇಂಗ್ಲಿಷ್ ನಾಟಕಗಳೇ ಹೆಚ್ಚು. ನಕ್ಷೆ ನೋಡಿದರೆ ಬೇಗೂರಿನಿಂದ ಜೆ.ಪಿ. ನಗರ ದೂರವಲ್ಲ. ವಾರದ ದಿನ ಸಂಜೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಬೇಗೂರು ರಸ್ತೆ ದಾಟಿ ಏಳೂವರೆಯೊಳಗೆ ರಂಗಶಂಕರ ಮುಟ್ಟಿ ನೋಡಿ, ಆಗ ದೂರ ಎಷ್ಟೆಂದು ಗೊತ್ತಾಗುತ್ತದೆ. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ ಎಂಬ ಅಲ್ಲಿನ ಶಿಸ್ತನ್ನು ನಾನು ಮೆಚ್ಚುತ್ತೇನೆ. ಆದರೆ ಹೊಸೂರು ರಸ್ತೆಗೆ ಆ ಶಿಸ್ತು ಗೊತ್ತಿಲ್ಲ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮೆಟ್ರೊ ಬಂದ ಮೇಲೆ ಸ್ವಲ್ಪ ಅನುಕೂಲವಾಗಿದೆ. ಹಾಗಂತ ರಾತ್ರಿ ನಾಟಕ ಮುಗಿಸಿ, ಮೆಟ್ರೊ ಇಳಿದು, ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೇಗೂರಿಗೆ ಆಟೊ ಹುಡುಕುವ ಪಾಡು ಹೋಗಿಲ್ಲ. ಒಂದು ಸಲ ಹೋದ ಕುಟುಂಬ ಎರಡನೇ ಸಲ ಯೋಚನೆ ಮಾಡುತ್ತದೆ. ಆದ್ದರಿಂದ ಕುಟುಂಬ ನಾಟಕದ ಹತ್ತಿರ ಹೋಗಬೇಕು ಅನ್ನುವುದಕ್ಕಿಂತ, ನಾಟಕವೇ ಕುಟುಂಬ ಇರುವ ಬಡಾವಣೆಗೆ, ಕುಟುಂಬಕ್ಕೆ ಪುರುಸೊತ್ತಿರುವ ಹೊತ್ತಿಗೆ ಬರಬೇಕು ಅನ್ನುವುದು ಸರಿ.

ಆದರೆ ಜಾಗ, ಹೊತ್ತು ಎರಡೂ ಸರಿಹೋದರೂ ಮಕ್ಕಳು ಬಂದುಬಿಡುತ್ತಾರೆಂದು ನನಗೆ ಅನ್ನಿಸುವುದಿಲ್ಲ. ಮಕ್ಕಳನ್ನು ‘ಪ್ರೇಕ್ಷಕರನ್ನಾಗಿ ಬೆಳೆಸಬೇಕು’ ಅಂತ ವಿಚಾರ ಸಂಕಿರಣಗಳಲ್ಲಿ ಹೇಳುತ್ತಾರೆ. ಈ ಮಾತೇ ತಿರುಗುಮುರುಗು. ಮಗು ಮೊದಲು ಹಾಡಬೇಕು, ಕುಣಿಯಬೇಕು, ಮೀಸೆ ಅಂಟಿಸಿಕೊಳ್ಳಬೇಕು, ಗದೆ ಹಿಡಿದು ಬೀಳಬೇಕು. ಆಮೇಲೆ ಬೇರೆಯವರು ಹಾಡುವುದನ್ನು ಕೂತು ಕೇಳುವ ತಾಳ್ಮೆ ತಾನಾಗಿ ಬರುತ್ತದೆ. ಕ್ರಿಕೆಟ್ಟನ್ನು ಟಿವಿಯಲ್ಲಿ ನೋಡುವ ಹುಡುಗ ಮೊದಲು ಗಲ್ಲಿಯಲ್ಲಿ ಬ್ಯಾಟು ಹಿಡಿದಿರುತ್ತಾನಲ್ಲ, ಹಾಗೆ.

ಇದಕ್ಕೆ ಪುರಾವೆ ಕನ್ನಡ ರಂಗಭೂಮಿಯಲ್ಲೇ ಬೇಕಾದಷ್ಟಿದೆ. ಗುಬ್ಬಿ ಕಂಪನಿಯನ್ನೇ ನೋಡಿ. 1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಹುಟ್ಟಿದ ಆ ಕಂಪನಿಗೆ ವೀರಣ್ಣನವರು ಸೇರಿದ್ದೇ ಹುಡುಗನಾಗಿ. ಮುಂದೆ ಅವರೇ ಯಜಮಾನರಾದ ಮೇಲೆ ಅಪ್ಪನ ಜೊತೆ ಬಂದು ಸೇರಿದ ಮುತ್ತುರಾಜ ಎಂಬ ಹುಡುಗ ಡಾ. ರಾಜ್‌ಕುಮಾರ್ ಆದರು. ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಓಡಿಬಂದ ಹುಡುಗ ಬಿ.ವಿ. ಕಾರಂತರಾದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಚಿಕ್ಕಂದಿನಿಂದಲೇ ರಂಗದ ಮೇಲಿದ್ದವರು. 1930ರ ದಶಕದಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿ ಆಡಿದ ಕಂಪನಿ ಅದು. ಆನೆ ನೋಡಲೆಂದು ಬಂದ ಮಕ್ಕಳು ಹಾಡು ಕಲಿತು ಮನೆಗೆ ಹೋಗಿರುತ್ತಾರೆ, ಅನುಮಾನ ಬೇಡ. ಕಂಪನಿ ಬದುಕಿನ ಕಷ್ಟವನ್ನು ಮರೆತು ಅದನ್ನು ಸ್ವರ್ಗ ಅನ್ನುವುದು ನನ್ನ ಉದ್ದೇಶವಲ್ಲ. ಶಾಲೆ ಬಿಟ್ಟು ಮಕ್ಕಳು ನಾಟಕಕ್ಕೆ ಬರುವುದು ಇವತ್ತಿಗೆ ಆಗುವ ಮಾತೂ ಅಲ್ಲ, ಆಗಬಾರದು ಕೂಡ. ಮಕ್ಕಳಿಗೆ ರಂಗದ ಮೇಲೆ ಜಾಗ ಇತ್ತು, ಅಷ್ಟೇ.

ಹಾಗೆ ಓಡಿಬಂದ ಕಾರಂತರು ದೊಡ್ಡವರಾದ ಮೇಲೆ ಮಾಡಿದ ಕೆಲಸಗಳಲ್ಲಿ ಮಕ್ಕಳ ನಾಟಕಕ್ಕೆ ದೊಡ್ಡ ಪಾಲಿದೆ. ಅವರ ‘ಪಂಜರ ಶಾಲೆ’ ಒಂದು ಗಿಳಿಗೆ ಪಾಠ ಕಲಿಸುವ ದೊಡ್ಡವರ ಪೆದ್ದುತನದ ಕಥೆ, ಟ್ಯಾಗೋರರ ಕಥೆಯಿಂದ ಬಂದದ್ದು. ಅದರಲ್ಲಿ ನೀತಿಪಾಠ ದೊಡ್ಡವರಿಗೆ, ಮಕ್ಕಳಿಗೆ ಬರೀ ಆಟ ಮತ್ತು ಹಾಡು. ಕೈಗೆ ಸಿಕ್ಕ ಕೋಲು, ಕಲ್ಲು, ಡಬ್ಬಿಯನ್ನೆಲ್ಲ ವಾದ್ಯ ಮಾಡಿಕೊಳ್ಳುವ ಕಾರಂತರ ರೀತಿ ಮಕ್ಕಳಿಗೆ ಹೇಳಿ ಮಾಡಿಸಿದಂತಿತ್ತು. ಪ್ರೇಮಾ ಕಾರಂತರು ಬೆನಕ ಮಕ್ಕಳ ಕೇಂದ್ರ ಕಟ್ಟಿ ಬೆಂಗಳೂರಿನ ಎಷ್ಟೋ ಮಕ್ಕಳಿಗೆ ಹಾಡು, ಕುಣಿತ ಕಲಿಸಿದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಶುರುವಾಯಿತು. ಅಲ್ಲಿನ ಬೇಸಿಗೆಯ ಚಿಣ್ಣರ ಮೇಳಕ್ಕೆ ಮಕ್ಕಳನ್ನು ಸೇರಿಸಲು ಪೋಷಕರು ಪೈಪೋಟಿ ಮಾಡುವುದು ಮೈಸೂರಿನವರಿಗೆಲ್ಲ ಗೊತ್ತು. ಮೇಳದ ಕೊನೆಗೆ ಮಕ್ಕಳು ಆಡುವ ನಾಟಕಗಳಿಗೆ ಜನ ಸೇರಿಸಲು ಯಾವ ಜಾಹೀರಾತೂ ಬೇಕಿಲ್ಲ. ಅಪ್ಪ, ಅಮ್ಮ, ಅಜ್ಜಿ, ಪಕ್ಕದ ಮನೆಯವರು ಎಲ್ಲರೂ ಬರುತ್ತಾರೆ. ಮಗು ಮರದ ಪಾತ್ರ ಮಾಡಿದರೂ ಬರುತ್ತಾರೆ.

ಕರಾವಳಿಯವರು ಈ ಲೆಕ್ಕವನ್ನು ನಮಗಿಂತ ಮೊದಲೇ ಅರ್ಥ ಮಾಡಿಕೊಂಡರು. ಯಕ್ಷಗಾನವೂ ಹಾಡಿನ ಮೇಲೆ ನಿಂತ ಆಟ. ಅದೂ ರಾತ್ರಿಯಿಡೀ ನಡೆಯುತ್ತಿದ್ದದ್ದು. ಪೌರಾಣಿಕ ನಾಟಕಕ್ಕಿರುವ ಕಾಯಿಲೆಗಳೆಲ್ಲ ಅದಕ್ಕೂ ಇದ್ದವು. ಕೋಟದ ಕಡೆ 1975ರಲ್ಲೇ ಶ್ರೀಧರ ಹಂದೆ ಮತ್ತು ಕಾರ್ಕಡ ಶ್ರೀನಿವಾಸ ಉಡುಪರು ಸಾಲಿಗ್ರಾಮ ಮಕ್ಕಳ ಮೇಳ ಕಟ್ಟಿದರು. ಮಕ್ಕಳೇ ವೇಷ ಹಾಕುವ ಆ ಮೇಳ ವಿದೇಶಕ್ಕೂ ಹೋಗಿಬಂತು. ಈಚೆಗೆ ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳಿಸಿ ಯಕ್ಷಗಾನ ಕಲಿಸುತ್ತಿದೆ. ಕಲಿತ ಮಕ್ಕಳು ‘ಕಿಶೋರ ಯಕ್ಷಗಾನ ಸಂಭ್ರಮ’ದಲ್ಲಿ ಶಾಲೆಗೊಂದು ಪ್ರಸಂಗ ಆಡುತ್ತಾರೆ. ಹುಡುಗಿಯರು ಗೆಜ್ಜೆ ಕಟ್ಟಿ ಬಣ್ಣದ ವೇಷ ಹಾಕುತ್ತಾರೆ. ಸರ್ಕಾರಿ ಶಾಲೆಯಲ್ಲಿ ಓದುವ, ಮನೆಯಲ್ಲಿ ಬೇರೆ ಭಾಷೆ ಮಾತಾಡುವ ಮಕ್ಕಳೂ ಅದರಲ್ಲಿರುತ್ತಾರೆ. ಇವರೆಲ್ಲ ಮುಂದೆ ಭಾಗವತರೋ ವೇಷಧಾರಿಗಳೋ ಆಗುವುದಿಲ್ಲ. ಆದರೆ ಅವರ ಮನೆಯವರು ಒಂದು ಸಂಜೆ ಕೂತು ಆಟ ನೋಡಿರುತ್ತಾರೆ. ಧೀಂಗಿಣ ಹಾಕುವುದು ಎಷ್ಟು ಕಷ್ಟ ಅಂತ ಮೈಯಲ್ಲಿ ಗೊತ್ತಿರುವ ಒಬ್ಬ ಪ್ರೇಕ್ಷಕ ಜೀವನಪೂರ್ತಿ ಸಿಗುತ್ತಾನೆ.

ನಮ್ಮ ಬಯಲುಸೀಮೆಯ ಕಡೆ ಏನು ಕಡಿಮೆ ಇತ್ತು? ಮೂಡಲಪಾಯ ಇತ್ತು, ಬೆಂಗಳೂರು ಗ್ರಾಮಾಂತರ ಮತ್ತು ಕೋಲಾರದ ಕಡೆ ಕೇಳಿಕೆ ಇತ್ತು. ಅವು ಬಡವಾದ ಮೇಲೂ ಪೌರಾಣಿಕ ನಾಟಕ ಉಳಿದಿದೆ. ಹಾರ್ಮೋನಿಯಂ ಮೇಷ್ಟ್ರುಗಳು ಊರಿಂದೂರಿಗೆ ಬೈಕಿನಲ್ಲಿ ಹೋಗಿ ಇವತ್ತಿಗೂ ತಾಲೀಮು ಕೊಡುತ್ತಾರೆ. ಎಂದೂ ಪುಸ್ತಕ ಹಿಡಿಯದವನ ಬಾಯಲ್ಲಿ ನೂರಾರು ಸಾಲು ನಿಲ್ಲಿಸುವ ವಿದ್ಯೆ ಅವರದು. ಬಿ.ಎಡ್. ಕಾಲೇಜಿನಲ್ಲಿ ಹೇಳಿಕೊಡಬೇಕಾದ ವಿದ್ಯೆ. ಆದರೆ ಈ ಮೇಷ್ಟ್ರುಗಳನ್ನು ಹತ್ತಿರದ ಶಾಲೆಗೆ ಕರೆದು, ವಾರಕ್ಕೊಂದು ಗಂಟೆ ಐದನೇ ಕ್ಲಾಸಿನ ಮಕ್ಕಳಿಗೆ ಮಟ್ಟು ಹೇಳಿಕೊಡಿ ಅಂತ ಕೇಳುವವರು ಅಪರೂಪ. ಕೀಬೋರ್ಡ್ ಕ್ಲಾಸಿಗೆ, ವೆಸ್ಟರ್ನ್ ಡ್ಯಾನ್ಸಿಗೆ ತಿಂಗಳು ತಿಂಗಳು ಫೀಸು ಕಟ್ಟುವ ಖಾಸಗಿ ಶಾಲೆಯ ಪೋಷಕರಿಗೆ, ತಮ್ಮ ಮನೆಯಿಂದ ಒಂದು ಕಿಲೋಮೀಟರ್ ಒಳಗೆ ಇಂಥವರೊಬ್ಬರು ಇರಬಹುದೆಂಬ ಸುಳಿವೂ ಇಲ್ಲ. ಈ ಮೇಷ್ಟ್ರುಗಳಲ್ಲಿ ಹೆಚ್ಚಿನವರಿಗೆ ವಯಸ್ಸಾಗಿದೆ. ಅವರ ಕೈಯಲ್ಲಿ ಕಲಿತ ಎಳೆಯರು ಬೆರಳೆಣಿಕೆ. ನಾಟಕ ಉಳಿಯಬೇಕೋ ಬೇಡವೋ ಎಂಬ ಚರ್ಚೆಯನ್ನು ನಾವು ಎಷ್ಟು ವರ್ಷ ಬೇಕಾದರೂ ಮಾಡಬಹುದು, ಅವರಿಗೆ ಅಷ್ಟು ಪುರುಸೊತ್ತಿಲ್ಲ.

ಈಗ ಕಷ್ಟದ ಮಾತಿಗೆ ಬರೋಣ. ನಾಟಕ ಯಾಕೆ ಅಷ್ಟು ಉದ್ದ? ‘ಸಂಪ್ರದಾಯ’ ಅನ್ನುತ್ತಾರೆ. ಅದು ಅರ್ಧ ನಿಜ. ಉಳಿದರ್ಧ ದುಡ್ಡಿನ ಲೆಕ್ಕ. ನಮ್ಮ ಕಡೆ ಪಾತ್ರಧಾರಿಗೆ ಸಂಭಾವನೆ ಇಲ್ಲ, ಪಾತ್ರಧಾರಿಯೇ ದುಡ್ಡು ಕೊಟ್ಟು ಪಾತ್ರ ತೆಗೆದುಕೊಳ್ಳುತ್ತಾನೆ. ಕೃಷ್ಣ, ದುರ್ಯೋಧನ, ಕರ್ಣನಿಗೆ ಹೆಚ್ಚು, ವಿದುರನಿಗೆ ಕಡಿಮೆ. ಆ ದುಡ್ಡಿನಲ್ಲೇ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಹೊರಗಿನಿಂದ ಕರೆಸುವ ಕಲಾವಿದೆಯರ ಸಂಭಾವನೆ, ಮೈಕು, ಶಾಮಿಯಾನ ಎಲ್ಲ ಆಗಬೇಕು. ತಿಂಗಳುಗಟ್ಟಲೆ ತಾಲೀಮು ಮಾಡಿ, ಕೈಯಿಂದ ಹಣ ಹಾಕಿದವನಿಗೆ ‘ನಿನ್ನ ನಾಲ್ಕು ಪದ್ಯದಲ್ಲಿ ಮೂರು ಬಿಡು’ ಅಂತ ಹೇಳಲು ಯಾವ ಮೇಷ್ಟ್ರಿಗೂ ಬಾಯಿ ಬರುವುದಿಲ್ಲ. ಅದಕ್ಕೇ ಮೂವರು ಕೃಷ್ಣರು, ಅದಕ್ಕೇ ಬೆಳಗಿನವರೆಗೆ ಆಟ. ಅಂದರೆ ನಾಟಕ ನಡೆಯುತ್ತಿರುವುದು ನೋಡುವವರಿಗಾಗಿ ಅಲ್ಲ, ಆಡುವವರಿಗಾಗಿ. ಆಡುವವರ ಆಸೆಯನ್ನು ನಾನು ಹೀಗಳೆಯುವುದಿಲ್ಲ. ವರ್ಷವಿಡೀ ಯಾರದೋ ಕೈಕೆಳಗೆ ದುಡಿದವನಿಗೆ ಒಂದು ರಾತ್ರಿ ಸಿಂಹಾಸನ ಸಿಗುತ್ತದೆ, ಸಿಗಲಿ. ಆದರೆ ಈ ಲೆಕ್ಕದಲ್ಲಿ ಪ್ರೇಕ್ಷಕನಿಗೆ ಜಾಗವೇ ಇಲ್ಲ. ಮಕ್ಕಳಿಗಂತೂ ಇಲ್ಲವೇ ಇಲ್ಲ. ಹೊತ್ತು ಕಡಿಮೆ ಮಾಡಬೇಕೆಂದರೆ ಮೊದಲು ದುಡ್ಡು ಬರುವ ದಾರಿ ಬದಲಾಗಬೇಕು.

ಉದ್ದವೇ ಶತ್ರು ಅಂತಲೂ ಅಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿ ರಂಗಕ್ಕೆ ತಂದು, ಸಿ. ಬಸವಲಿಂಗಯ್ಯ ನಿರ್ದೇಶಿಸಿ, ಹಂಸಲೇಖ ಸಂಗೀತ ಕೊಟ್ಟ ನಾಟಕ 2010ರಲ್ಲಿ ಮೈಸೂರಿನಲ್ಲಿ, ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿ ರಾತ್ರಿಯಿಡೀ ನಡೆಯಿತು. ಜನ ಕಂಬಳಿ, ಶಾಲು ಹೊದ್ದು, ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಎದ್ದು ಹೋಗುತ್ತಾ ಒಂಬತ್ತು ಗಂಟೆ ನೋಡಿದರು. ಅಲ್ಲಿ ಪ್ರತಿ ದೃಶ್ಯವನ್ನೂ ನೋಡುವವರನ್ನು ನೆನೆದು ಕಟ್ಟಿದ್ದರು. ಹಾಗೆ ಕಟ್ಟಿದ ರಾತ್ರಿ ವರ್ಷಕ್ಕೊಂದು ಇರಲಿ. ಮಕ್ಕಳಿಗೆ ದಿನನಿತ್ಯದ ದಾರಿ ಬೇರೆ ಬೇಕು.

ಕಾನೂನು ಕೂಡ ಈ ಕಡೆಗೇ ತಳ್ಳುತ್ತಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12 ಗಂಟೆಯವರೆಗೆ ಸಡಿಲಿಸಬಹುದು, ಅಷ್ಟೇ. ಸುತ್ತ ಅಪಾರ್ಟ್‌ಮೆಂಟ್‌ಗಳೆದ್ದ ಮೇಲೆ ಯಾರಾದರೂ ಒಬ್ಬರು ಪೊಲೀಸರಿಗೆ ಫೋನ್ ಮಾಡಿಯೇ ಮಾಡುತ್ತಾರೆ. ಆಗ ‘ಹೊರಗಿನಿಂದ ಬಂದವರು ನಮ್ಮ ನಾಟಕ ನಿಲ್ಲಿಸಿದರು’ ಅನ್ನುವ ಸಿಟ್ಟು ಬರುತ್ತದೆ. ಅದು ನ್ಯಾಯವಾದ ಸಿಟ್ಟೇ, ಆದರೆ ಪ್ರಯೋಜನಕ್ಕೆ ಬರುವುದಿಲ್ಲ. ಧರ್ಮಸ್ಥಳದಂಥ ಹೆಸರಾಂತ ಮೇಳವೇ ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಬಂದಿದೆ. ಯಕ್ಷಗಾನ ಹಾಳಾಯಿತು ಅಂದವರೂ ಇದ್ದಾರೆ. ಆದರೆ ನಡುರಾತ್ರಿಯ ಹೊತ್ತಿಗೆ ಮನೆ ಸೇರಬಹುದೆಂದ ಮೇಲೆ ಮಕ್ಕಳನ್ನು ಕರೆದುಕೊಂಡು ಬರುವ ಧೈರ್ಯ ಬಂತಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೆಂಗಸರು ಬರದೆ ಮಕ್ಕಳು ಬರುವುದಿಲ್ಲ ಎಂಬುದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಹೆಂಗಸರು ಯಾಕೆ ಬರುವುದಿಲ್ಲ? ರಂಗದ ಹಿಂದೆ ಕುಡಿತ, ಮುಂದೆ ಶಿಳ್ಳೆ, ನರ್ತಕಿಯ ಪಾತ್ರ ಬಂದಾಗ ನೋಟು ಹಿಡಿದು ಮೇಲೆ ಹತ್ತುವವರು, ಇಡೀ ಬಯಲಿಗೆ ಒಂದು ಶೌಚಾಲಯವೂ ಇಲ್ಲದಿರುವುದು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ, ಬಾದಾಮಿ ಬನಶಂಕರಿಯಂಥ ಕಡೆ, ವೃತ್ತಿ ಕಂಪನಿಗಳು ಈಗಲೂ ದಿನಕ್ಕೆ ಹಲವು ಆಟ ಆಡುತ್ತವೆ, ಜನ ಕಿಕ್ಕಿರಿಯುತ್ತಾರೆ. ಆದರೆ ಎರಡರ್ಥದ ಮಾತನ್ನೇ ಬಂಡವಾಳ ಮಾಡಿಕೊಂಡ ಮೇಲೆ ಎಷ್ಟೋ ಮನೆಯವರು ಆ ಟೆಂಟಿನ ಕಡೆ ತಲೆ ಹಾಕುವುದನ್ನು ಬಿಟ್ಟರು. ಒಂದು ಕಾಲದಲ್ಲಿ ಅಲ್ಲಿ ಹೆಂಗಸರಿಗೇ ಬೇರೆ ಸಾಲು ಇರುತ್ತಿತ್ತು. ಹೀಗೆ ಮನೆಮಂದಿಯನ್ನು ಕಳೆದುಕೊಂಡ ನಾಟಕ ಒಂದು ತಲೆಮಾರಿನ ಹಾಡುಗಾರರನ್ನೂ ಕಳೆದುಕೊಳ್ಳುತ್ತದೆ. ನಮ್ಮ ಕಡೆ ಆ ಸ್ಥಿತಿ ಪೂರ್ತಿ ಬಂದಿಲ್ಲ. ದೂರವೂ ಇಲ್ಲ.

ಇನ್ನು ದುಡ್ಡು. ಬೇಗೂರಿನ ಸುತ್ತಮುತ್ತ ಅಪಾರ್ಟ್‌ಮೆಂಟ್ ಸಂಘಗಳು ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ, ಡಿಜೆ, ನಿರೂಪಕರು ಅಂತ ಖರ್ಚು ಮಾಡುತ್ತವೆ. ಅದರಲ್ಲಿ ಒಂದು ಸಂಜೆಯನ್ನು ಹತ್ತಿರದ ಊರಿನ ನಾಟಕದವರಿಗೆ ಕೊಡಿ. ಇಡೀ ಕುರುಕ್ಷೇತ್ರ ಬೇಡ. ಕೃಷ್ಣ ಸಂಧಾನದ ಭಾಗ ಒಂದೇ ಸಾಕು, ಒಂದೂವರೆ ಗಂಟೆ. ಐದೂವರೆಗೆ ಶುರು, ಏಳಕ್ಕೆ ಮುಗಿಯಬೇಕು. ಒಬ್ಬನೇ ಕೃಷ್ಣ, ಚೆನ್ನಾಗಿ ಹಾಡುವವನು. ಅವನು ಅಂದು ದುಡ್ಡು ಕೊಟ್ಟು ಬಂದವನಲ್ಲ, ಸಂಭಾವನೆ ತೆಗೆದುಕೊಂಡು ಬಂದವನು. ಈ ಒಂದು ಬದಲಾವಣೆಯಿಂದ ಎಷ್ಟೆಲ್ಲ ಸರಿಹೋಗುತ್ತದೆ ನೋಡಿ: ಯಾರು ಹಾಡಬೇಕು, ಎಷ್ಟು ಹಾಡಬೇಕು ಅನ್ನುವುದನ್ನು ಮೇಷ್ಟ್ರು ತೀರ್ಮಾನಿಸಬಹುದು. ಕಂಪನಿಗಳ ಮಾತು ಹೇಳುವುದಾದರೆ, 2013ರ ಕಂಪನಿ ಕಾಯ್ದೆಯಡಿ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು. ಆ ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆಗಳ ಬೆಳವಣಿಗೆಯೂ ಇದೆ. ಶಾಲೆಗೆ ಬೆಂಚು, ಕಂಪ್ಯೂಟರ್ ಕೊಡುವುದು ಸುಲಭ, ಫೋಟೊ ಚೆನ್ನಾಗಿ ಬರುತ್ತದೆ. ಹೋಬಳಿಯ ಹತ್ತು ಶಾಲೆಗಳಿಗೆ ಒಂದು ವರ್ಷ ಹಾರ್ಮೋನಿಯಂ ಮೇಷ್ಟ್ರ ಸಂಬಳ ಕೊಟ್ಟರೆ ಫೋಟೊ ಅಷ್ಟು ಚೆನ್ನಾಗಿ ಬರಲಿಕ್ಕಿಲ್ಲ.

ಟಿಕೆಟ್ ಇಡಬೇಕೇ ಬೇಡವೇ? ಇಡಬೇಕು ಅನ್ನುವವನು ನಾನು. ಬಿಟ್ಟಿ ಸಿಕ್ಕಿದ್ದಕ್ಕೆ ಜನ ನಡುವೆ ಎದ್ದು ಹೋಗುತ್ತಾರೆ. ಆದರೆ ಮಕ್ಕಳಿಗೆ ಬೇಡ. ಇದು ಹೊಸ ತಲೆಹರಟೆಯಲ್ಲ, ಕೋಟಿಗಟ್ಟಲೆ ವ್ಯಾಪಾರದ ಬ್ರಾಡ್‌ವೇಯಲ್ಲೇ 1996ರಿಂದ ದೊಡ್ಡವರ ಒಂದು ಟಿಕೆಟ್ಟಿಗೆ ಒಂದು ಮಗು ಉಚಿತ ಅನ್ನುವ ಏರ್ಪಾಟು ಆಗಾಗ ನಡೆಯುತ್ತಿದೆ. ಲಂಡನ್ನಿನವರು 1998ರಿಂದ ಶಾಲೆ ರಜೆಯಲ್ಲಿ ಹಾಗೆಯೇ ಮಾಡುತ್ತಿದ್ದಾರೆ. ಅವರಿಗೆ ಮಕ್ಕಳ ಮೇಲೆ ವಿಶೇಷ ಪ್ರೀತಿ ಅಂತಲ್ಲ, ಇಪ್ಪತ್ತು ವರ್ಷದ ನಂತರ ಸೀಟು ತುಂಬುವವರು ಯಾರು ಅನ್ನುವ ಚಿಂತೆ. ನಮ್ಮಲ್ಲಿ 30 ರೂಪಾಯಿಯ ನೆಲದ ಟಿಕೆಟ್, ಮಕ್ಕಳಿಗೆ ಮುಂದಿನ ಚಾಪೆ. ಹಾರ್ಮೋನಿಯಂ, ತಬಲಾ ಎರಡೂ ಮಕ್ಕಳಿಗೆ ಕಾಣುವ ಹಾಗೆ ಇಡಬೇಕು, ಪಕ್ಕದ ಪರದೆಯ ಸಂದಿಯಲ್ಲಿ ಅಲ್ಲ. ಬೆರಳು ಓಡುವುದನ್ನು ನೋಡುವುದೇ ಮಗುವಿಗೆ ಅರ್ಧ ನಾಟಕ. ಮೈಕಿನ ಅಬ್ಬರ ಇಳಿಸಿ. ಒಂದೂವರೆ ಗಂಟೆಯ ಆಟಕ್ಕೆ ಕಿವಿ ಹರಿಯುವ ಸ್ಪೀಕರ್ ಯಾಕೆ?

ಭಾಷೆಯ ಪ್ರಶ್ನೆ ಬಂದೇ ಬರುತ್ತದೆ. ಬೇಗೂರಿನ ಒಂದು ತರಗತಿಯಲ್ಲಿ ತೆಲುಗು, ತಮಿಳು, ಹಿಂದಿ, ಒಡಿಯಾ, ಮಲಯಾಳಂ ಮಾತಾಡುವ ಮನೆಗಳ ಮಕ್ಕಳು ಕನ್ನಡದ ಮಕ್ಕಳ ಜೊತೆ ಕೂತಿರುತ್ತಾರೆ. ಅವರಿಗೆ ಹಳೆಯ ಪದ್ಯದ ಕನ್ನಡ ಅರ್ಥವಾಗುತ್ತದೆಯೇ? ಸತ್ಯ ಹೇಳಬೇಕೆಂದರೆ ಕನ್ನಡದ ಮಕ್ಕಳಿಗೂ ಪೂರ್ತಿ ಆಗುವುದಿಲ್ಲ, ಎಷ್ಟೋ ಪಾತ್ರಧಾರಿಗಳಿಗೂ ಆಗುವುದಿಲ್ಲ. ಹಳ್ಳಿಗರು ಪೌರಾಣಿಕ ನಾಟಕ ಕಲಿಯುವಾಗ ಪಡುವ ಪಾಡನ್ನೇ ಹಾಸ್ಯ ಮಾಡಿದ ‘ಶ್ರೀಕೃಷ್ಣ ಸಂಧಾನ’ ನಾಟಕಕ್ಕೆ ಜನ ಬಿದ್ದು ಬಿದ್ದು ನಗುವುದು ಅದಕ್ಕೇ. ಆದರೆ ಭೀಮ ಗದೆ ಎತ್ತಿ ತಾರಕಕ್ಕೆ ಹೋದಾಗ ಸಿಟ್ಟು ಅರ್ಥವಾಗಲು ಯಾವ ನಿಘಂಟೂ ಬೇಡ. ರಾಗದ ಜೊತೆ ಬಾಯಿಗೆ ಬಂದ ಮಾತು ಬೇಗ ಮರೆಯುವುದಿಲ್ಲ. ‘ಕನ್ನಡ ಕಲಿಯಿರಿ’ ಎಂಬ ಬೋರ್ಡಿಗಿಂತ ಕನ್ನಡದ ಒಂದು ಮಟ್ಟು ಹೆಚ್ಚು ಕೆಲಸ ಮಾಡುತ್ತದೆ.

ಹೊಸ ಕಥೆಯೂ ಬೇಕು, ಬರೀ ಮಹಾಭಾರತವೇ ಯಾಕೆ ಅನ್ನುವವರಿದ್ದಾರೆ. ಒಪ್ಪುತ್ತೇನೆ. ಬೇಗೂರು ರಸ್ತೆ ಶುರುವಾಗುವುದೇ ಬೊಮ್ಮನಹಳ್ಳಿಯ ಹತ್ತಿರ. ಕುವೆಂಪು ಅವರ ಕಿಂದರಿಜೋಗಿಯ ಊರಿಗೂ ಅದೇ ಹೆಸರು. ಅವರ ಬೊಮ್ಮನಹಳ್ಳಿ ತುಂಗಾ ತೀರದ್ದು, ನಮ್ಮದು ಹೊಸೂರು ರಸ್ತೆಯದು ಅನ್ನುವುದು ಗೊತ್ತಿದ್ದರೂ ಇಲ್ಲಿನ ಮಕ್ಕಳು ಅದನ್ನು ತಮ್ಮದೇ ಊರೆಂದು ಹಕ್ಕು ಸಾಧಿಸಿದರೆ ಕವಿಗಳು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಬೆಂಗಳೂರಿನ ಪ್ರಭಾತ್ ಕಲಾವಿದರು ಈ ಕಥೆಯನ್ನು ನೃತ್ಯರೂಪಕವಾಗಿ ಆಡಿ ಎಷ್ಟೋ ಮಕ್ಕಳನ್ನು ಸೆಳೆದವರು. ಇಲಿಗಳ ಪಾತ್ರಕ್ಕೆ ಒಂದು ಶಾಲೆಯ ಮಕ್ಕಳನ್ನೆಲ್ಲ ಹಾಕಿದರೂ ಜಾಗ ಉಳಿಯುತ್ತದೆ, ಯಾರಿಗೂ ‘ಪಾತ್ರ ಸಿಗಲಿಲ್ಲ’ ಎಂಬ ಕೊರಗಿಲ್ಲ.

ಇದಕ್ಕಿಂತ ಹತ್ತಿರದ ಕಥೆ ಊರೊಳಗೇ ಇದೆ. ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಸಿಕ್ಕ ಸುಮಾರು 890ರ ಗಂಗರ ಕಾಲದ ಕಲ್ಲಿನಲ್ಲಿ ‘ಬೆಂಗಳೂರ ಕಾಳಗ’ದ ಉಲ್ಲೇಖವಿದೆ. ಈ ಮಹಾನಗರದ ಹೆಸರು ಕಾಣಿಸುವ ಅತ್ಯಂತ ಹಳೆಯ ದಾಖಲೆಗಳಲ್ಲಿ ಅದೊಂದು. ನಾಗತ್ತರನ ಕಡೆಯ ಬುಟ್ಟಣಶೆಟ್ಟಿ ಆ ಕಾಳಗದಲ್ಲಿ ಸತ್ತ ಅಂತ ಅದು ಹೇಳುತ್ತದೆ. ಬೇಗೂರಿನದೇ ಇನ್ನೊಂದು ವೀರಗಲ್ಲು ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ. ಆನೆ, ಕುದುರೆ, ಕತ್ತಿ ಹಿಡಿದವರು, ಬಿದ್ದವರು ಎಲ್ಲರೂ ಒಂದೇ ಕಲ್ಲಿನಲ್ಲಿ ಕಿಕ್ಕಿರಿದಿದ್ದಾರೆ. ಹೆಚ್ಚುಕಡಿಮೆ ಕುರುಕ್ಷೇತ್ರದ ಸೀನರಿಯೇ. ಶಾಸನದಲ್ಲಿರುವುದು ನಾಲ್ಕು ಸಾಲು, ಉಳಿದದ್ದನ್ನು ಮಕ್ಕಳು ಕಟ್ಟಿಕೊಳ್ಳಬೇಕು: ಕಾಳಗಕ್ಕೆ ಹೊರಟವನನ್ನು ಮನೆಯವರು ಏನೆಂದು ಕಳಿಸಿಕೊಟ್ಟರು, ಕೆರೆಯ ದಂಡೆಯಲ್ಲಿ ಕಾದವರು ಯಾರು, ಸುದ್ದಿ ತಂದವರು ಯಾರು. ಮುಕ್ಕಾಲು ಗಂಟೆಯ ನಾಟಕ, ಐದಾರು ಹಾಡು. ಹಾಡು ಕಟ್ಟಲು ಹಾರ್ಮೋನಿಯಂ ಮೇಷ್ಟ್ರು ಇದ್ದಾರೆ, ಕಂದದ ಮಟ್ಟು ಅವರ ಬೆರಳ ತುದಿಯಲ್ಲಿದೆ. ಆಡಲು ಸರ್ಕಾರಿ ಶಾಲೆಯ ಮೈದಾನ ಇದೆ. ಊರಿನ ಹಳೆಯ ದುರ್ಯೋಧನರು ಮಕ್ಕಳಿಗೆ ಕತ್ತಿ ಹಿಡಿಯುವುದನ್ನು, ದನಿ ಎತ್ತುವುದನ್ನು ಹೇಳಿಕೊಡಲಿ.

ಹೊಸ ಬಡಾವಣೆಯ ಮಗುವೂ ಹಳೆ ಊರಿನ ಮಗುವೂ ಒಂದೇ ತಾಲೀಮಿನಲ್ಲಿ ಕೂತರೆ, ಅವರ ಅಪ್ಪ ಅಮ್ಮಂದಿರು ಮೊದಲ ಸಲ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಬುಟ್ಟಣಶೆಟ್ಟಿಯ ಪಾತ್ರ ಯಾರಿಗೆ ಅನ್ನುವ ಜಗಳ ಮಕ್ಕಳಲ್ಲೇ ಆಗಲಿ. ಅದನ್ನು ದುಡ್ಡು ಕೊಟ್ಟು ತೀರ್ಮಾನ ಮಾಡಲು ಮಾತ್ರ ಯಾವ ಅಪ್ಪನೂ ಬರಬಾರದು.